ಶಾಲೆಯ ಗೇಟು ಮತ್ತು ಕೋವಿಯ ಲೈಸೆನ್ಸು

ಕೋಲ್ಕತ್ತದ ಉತ್ತರ ಅಂಚಿಗೆ, ಹೂಗ್ಲಿ ನದಿಯ ದಂಡೆಯಲ್ಲಿ ಬಾರಾನಗರವಿದೆ. ಅದರ ದಕ್ಷಿಣದ ನೆರೆಯೂರು ಕಾಶೀಪುರ. ಈಸ್ಟ್ ಇಂಡಿಯಾ ಕಂಪನಿ 1801ರಲ್ಲಿ ತನ್ನ ತೋಪಿನ ಗಾಡಿಗಳ ಕಾರ್ಖಾನೆ ಹೂಡಿದ್ದು ಅಲ್ಲಿ. 1802ರ ಮಾರ್ಚ್ 18ರಂದು ಕೆಲಸ ಶುರುವಾಯಿತು. ನಮ್ಮ ಆಯುಧ ಕಾರ್ಖಾನೆಗಳ ದಿನಾಚರಣೆ ಇಂದಿಗೂ ಅದೇ ದಿನ. ನದಿಯ ಇದೇ ದಂಡೆ ಹಿಡಿದು ಉತ್ತರಕ್ಕೆ ಹೋದರೆ ಇಶಾಪುರದ ರೈಫಲ್ ಕಾರ್ಖಾನೆ ಸಿಗುತ್ತದೆ. ತೋಪು ಒಂದು ಕಡೆ, ರೈಫಲು ಇನ್ನೊಂದು ಕಡೆ, ನಡುವೆ ಬಾರಾನಗರದ ಶಾಲೆಗಳು.

ಇಷ್ಟಾದರೂ ಇಲ್ಲಿ ಶಾಲೆಗೆ ಹೋಗುವ ಹುಡುಗಿಯ ಕಣ್ಣಿಗೆ ಬಂದೂಕು ಬೀಳುವುದು ಅಪರೂಪ. ಬಿದ್ದರೆ ಮೂರು ಕಡೆ: ದಾರಿಯಲ್ಲಿ ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ, ಎನ್‌ಸಿಸಿ ಪರೇಡಿನಲ್ಲಿ, ಮತದಾನದ ದಿನ ಶಾಲೆಯ ಬಾಗಿಲಲ್ಲಿ ನಿಂತ ಯೋಧನ ಕೈಯಲ್ಲಿ. ಮೂರಕ್ಕೂ ಬೇರೆ ಬೇರೆ ಕಟ್ಟಳೆ. ಒಂದೊಂದನ್ನೇ ನೋಡೋಣ.

ಮೊದಲ ಬಂದೂಕು: ಲೈಸೆನ್ಸಿನದು

ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ ಪಾಸಾಗಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ 3ನೇ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. 9ನೇ ಕಲಮಿನ ಪ್ರಕಾರ 21 ವರ್ಷ ತುಂಬದವರಿಗೆ ಕೋವಿ ಇಲ್ಲ. ಗುರಿ ಹೊಡೆಯುವ ತರಬೇತಿಗೆ ಮಾತ್ರ, ಅದೂ ದೊಡ್ಡವರ ಕಣ್ಗಾವಲಿನಲ್ಲಿ, ವಿನಾಯಿತಿ ಉಂಟು. ಈ ಕಾಯ್ದೆಯಲ್ಲಿ ‘ಶಾಲೆಗೆ ಬಂದೂಕು ತರಬಾರದು’ ಎಂಬ ಕಲಮನ್ನು ಹುಡುಕಿ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಆ ಮಾತು ಇರುವುದು ಲೈಸೆನ್ಸಿನ ನಮೂನೆಯಲ್ಲಿ, ಷರತ್ತುಗಳ ಸಾಲಿನಲ್ಲಿ.

ಷರತ್ತಿನ ಸಾರ ಇಷ್ಟು: ಅಧಿಕಾರಿಯ ವಿಶೇಷ ಅಪ್ಪಣೆ ಇಲ್ಲದೆ ಈ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ನೆರೆಯುವ ಜಾಗಕ್ಕೆ ಅಥವಾ ಯಾವುದೇ ಶಿಕ್ಷಣ ಸಂಸ್ಥೆಯ ಆವರಣಕ್ಕೆ ಒಯ್ಯಕೂಡದು. ಪ್ರಾಥಮಿಕ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಎಂಬ ಭೇದ ಇಲ್ಲಿಲ್ಲ. ಬಾರಾನಗರದ ಬಿ.ಟಿ. ರಸ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗೇಟಿಗೂ ಗಲ್ಲಿಯ ಶಾಲೆಯ ಗೇಟಿಗೂ ಒಂದೇ ಮಾತು. ಬ್ಯಾಂಕಿನ ಕಾವಲುಗಾರ ಮಧ್ಯಾಹ್ನ ಮಗನ ಟಿಫಿನ್ ಡಬ್ಬಿ ಕೊಡಲು ಶಾಲೆಗೆ ಬಂದನೆನ್ನಿ. ಡಬ್ಬಿ ಒಳಗೆ ಹೋಗಬಹುದು, ಹೆಗಲ ಕೋವಿ ಹೋಗುವಂತಿಲ್ಲ. ಷರತ್ತು ಮುರಿದರೆ 30ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಲೈಸೆನ್ಸೇ ಇಲ್ಲದ ಕೋವಿಯಾದರೆ ಲೆಕ್ಕ ಬೇರೆ: 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಜೈಲು.

ಲೈಸೆನ್ಸಿನ ಹಂಗಿಲ್ಲದವರೂ ನಮ್ಮಲ್ಲಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. ಕೊಡಗಿನಲ್ಲಿ ಕೋವಿ ಹಬ್ಬದ ವಸ್ತು, ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿದು ಪೂಜೆಗೆ ಕೂರುತ್ತದೆ. ಅದರ ಜಾಗ ಮನೆಯ ನೆಲ್ಲಕ್ಕಿ ನಡುಬಾಡೆ, ಅಂದರೆ ನಡುಮನೆ.

ಕಡಲಾಚೆಯ ಲೆಕ್ಕ

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಅಳತೆ ಟೇಪು ಹಿಡಿಯಬೇಕಾಯಿತು. 1990ರ ಅಲ್ಲಿನ ಒಕ್ಕೂಟ ಕಾನೂನು ಶಾಲೆಯ ಸುತ್ತ 1,000 ಅಡಿಯೊಳಗೆ ಬಂದೂಕು ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು. ಎರಡೇ ವರ್ಷಕ್ಕೆ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಹೈಸ್ಕೂಲಿಗೆ ಆಲ್ಫೊನ್ಸೊ ಲೋಪೆಜ್ ಎಂಬ ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ರಿವಾಲ್ವರ್ ತಂದು ಸಿಕ್ಕಿಬಿದ್ದ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1995ರಲ್ಲಿ ಕೋರ್ಟು ಐದು–ನಾಲ್ಕರ ಬಹುಮತದಿಂದ ಕಾನೂನನ್ನೇ ತಳ್ಳಿಹಾಕಿತು. ಶಾಲೆಯ ಬಂದೂಕಿಗೂ ಅಂತರರಾಜ್ಯ ವ್ಯಾಪಾರಕ್ಕೂ ನಂಟಿಲ್ಲ, ಹಾಗಾಗಿ ಇದು ಸಂಸತ್ತಿನ ಅಧಿಕಾರದಾಚೆಯ ಮಾತು ಎಂದಿತು. ಮರುವರ್ಷ ಸಂಸತ್ತು ‘ರಾಜ್ಯದಿಂದ ರಾಜ್ಯಕ್ಕೆ ಸಾಗಿಬಂದ ಬಂದೂಕು’ ಎಂದು ಪದ ಸೇರಿಸಿ ಕಾನೂನನ್ನು ಮತ್ತೆ ತಂದಿತು. ರಾಜ್ಯದ ಲೈಸೆನ್ಸು ಪಡೆದವರಿಗೆ ಅದರಲ್ಲೂ ವಿನಾಯಿತಿ. 2024ರಲ್ಲಿ ಟೆನೆಸಿ ರಾಜ್ಯ, ಕೆಲವು ಷರತ್ತುಗಳ ಮೇಲೆ, ಶಿಕ್ಷಕರೇ ಬಂದೂಕು ಒಯ್ಯಬಹುದೆಂದಿತು.

ಅಲ್ಲಿ ಬಂದೂಕು ಹಕ್ಕು. ಆ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂದು ಸರ್ಕಾರ ಗೆರೆ ಎಳೆಯಬೇಕು. ಇಲ್ಲಿ ಬಂದೂಕು ಅಪ್ಪಣೆಯ ವಸ್ತು. ಶಾಲೆಯ ಗೇಟಿನಲ್ಲಿ ಆ ಅಪ್ಪಣೆಯೂ ಮುಗಿಯುತ್ತದೆ. ಈ ಅಪ್ಪಣೆಯ ಪದ್ಧತಿ ಹುಟ್ಟಿದ್ದು ಮಕ್ಕಳ ಮೇಲಿನ ಮಮತೆಯಿಂದಲ್ಲ. ವೈಸರಾಯ್ ಲಿಟನ್ ಕಾಲದ 1878ರ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಳ್ಳಲು ಬಂದದ್ದು, ಯೂರೋಪಿಯನ್ನರಿಗೆ ಅದರಿಂದ ರಿಯಾಯಿತಿ ಇತ್ತು. ಆ ಕಟ್ಟನ್ನು ಬಂಗಾಳದ ಯುವಜನ ಮುರಿದದ್ದೂ ವಿದ್ಯಾಸಂಸ್ಥೆಯ ಒಳಗೇ. 1932ರ ಫೆಬ್ರುವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಬೀನಾ ದಾಸ್ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಮೇಲೆ ಗುಂಡು ಹಾರಿಸಿದರು. ಗುರಿ ತಪ್ಪಿತು, ಒಂಬತ್ತು ವರ್ಷದ ಶಿಕ್ಷೆಯಾಯಿತು.

ಎರಡನೆಯ ಬಂದೂಕು: ಎಣಿಸಿ ಕೊಟ್ಟದ್ದು

ಹಾಗಾದರೆ ಎನ್‌ಸಿಸಿ ಹುಡುಗನ ಕೈಗೆ ರೈಫಲು ಹೇಗೆ ಬಂತು? 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಸರ್ಕಾರಿ ನೌಕರರನ್ನೂ, 1948ರ ಕಾಯ್ದೆಯಡಿ ಕಟ್ಟಿದ ಎನ್‌ಸಿಸಿಯ ಸದಸ್ಯರನ್ನೂ, ಕರ್ತವ್ಯದ ಮಟ್ಟಿಗೆ, ಹೊರಗಿಡುತ್ತದೆ. ‘ಕರ್ತವ್ಯದ ಮಟ್ಟಿಗೆ’ ಎಂಬ ಮಾತಿಗೆ ಎಷ್ಟು ತೂಕವಿದೆ ಎಂಬುದು ಫೈರಿಂಗ್ ದಿನ ಗೊತ್ತಾಗುತ್ತದೆ. ಪಾಯಿಂಟ್ ಟೂಟೂ ರೈಫಲ್ ಬೀಗ ಜಡಿದ ‘ಕೋತ್’ನಿಂದ, ಅಂದರೆ ಆಯುಧದ ಕೋಣೆಯಿಂದ, ನಂಬರು ಬರೆದುಕೊಂಡು ಹೊರಗೆ ಬರುತ್ತದೆ. ಕೆಡೆಟ್ ಹೊಟ್ಟೆಯ ಮೇಲೆ ಮಲಗಿ ಗುರಿ ಹಿಡಿಯುತ್ತಾನೆ, ಎಣಿಸಿ ಕೊಟ್ಟ ಗುಂಡು ಹಾರಿಸುತ್ತಾನೆ, ಎದ್ದು ಖಾಲಿ ಖೋಕಾಗಳನ್ನು (ಗುಂಡಿನ ಕೋಶಗಳನ್ನು) ಹುಲ್ಲಿನಲ್ಲಿ ತಡಕಿ ಹೆಕ್ಕುತ್ತಾನೆ. ಒಂದು ಖೋಕಾ ಕಡಿಮೆಯಾದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಆಟವಾಡುವ ವಯಸ್ಸಿನಲ್ಲಿ ಬಂದೂಕಿನ ಬಗ್ಗೆ ಕಲಿಯುವ ದೊಡ್ಡ ಪಾಠ ಈ ಎಣಿಕೆಯೇ.

ಮೂರನೆಯ ಬಂದೂಕು: ಒಂದು ದಿನದ್ದು

ಬಾರಾನಗರ ಚುನಾವಣೆಯ ಬಿಸಿ ಕಂಡ ಊರು. 1952ರಿಂದ 1972ರವರೆಗೆ ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು ಇಲ್ಲಿನ ಶಾಸಕರಾಗಿದ್ದರು. 1971ರ ಆಗಸ್ಟ್ 12, 13ರಂದು ಕಾಶೀಪುರ–ಬಾರಾನಗರದ ಓಣಿಗಳಲ್ಲಿ ನಕ್ಸಲರೆಂದು ಗುರುತಿಸಿ ಯುವಕರನ್ನು ಕೊಂದದ್ದನ್ನು ಊರು ಇನ್ನೂ ಮರೆತಿಲ್ಲ. 2024ರ ಜೂನ್ 1ರಂದು ಇಲ್ಲಿ ಉಪಚುನಾವಣೆ ನಡೆಯಿತು.

ಮತದಾನದ ದಿನ ನಮ್ಮ ಶಾಲೆಗಳೇ ಮತಗಟ್ಟೆ. ಆ ದಿನಕ್ಕೆ ಜನಪ್ರಾತಿನಿಧ್ಯ ಕಾಯ್ದೆಯ 134ಬಿ ಕಲಂ ಅನ್ವಯವಾಗುತ್ತದೆ: ಕರ್ತವ್ಯದಲ್ಲಿರುವ ಚುನಾವಣಾ ಅಧಿಕಾರಿ, ಪೊಲೀಸು ಮತ್ತು ಶಾಂತಿ ಕಾಯಲು ನೇಮಕವಾದವರ ಹೊರತು ಬೇರಾರೂ ಮತಗಟ್ಟೆಯ ಆಸುಪಾಸಿಗೆ ಆಯುಧ ತರುವಂತಿಲ್ಲ. ತಂದರೆ ಎರಡು ವರ್ಷದವರೆಗೆ ಜೈಲು, ಲೈಸೆನ್ಸು ರದ್ದು, ಆಯುಧ ಜಪ್ತಿ. ಚುನಾವಣೆ ಘೋಷಣೆಯಾದೊಡನೆ ಮಲೆನಾಡಿನ ಬೆಳೆಗಾರರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದನ್ನು ಕಂಡವರಿಗೆ ಈ ಬಿಗಿ ಹೊಸದಲ್ಲ. ಬಂದೂಕು ಹಿಡಿದ ಸರ್ಕಾರವೂ ಶಾಲೆಯಲ್ಲಿ ಬೀಡುಬಿಡಬಾರದು ಎಂಬುದನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ಛತ್ತೀಸಗಡದ ಶಾಲೆಗಳಿಂದ ಭದ್ರತಾ ಪಡೆಗಳು ತೆರವಾಗಬೇಕೆಂದು ಆದೇಶಿಸಿತು.

ಷರತ್ತು ಓದದ ಬಂದೂಕು

ಲೈಸೆನ್ಸಿನ ಷರತ್ತು ಲೈಸೆನ್ಸು ಇದ್ದವರನ್ನು ಕಟ್ಟುತ್ತದೆ. 2007ರ ಡಿಸೆಂಬರ್‌ನಲ್ಲಿ ಗುರುಗ್ರಾಮದ ಖಾಸಗಿ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನನ್ನು ಸಹಪಾಠಿಗಳಿಬ್ಬರು ಕೊಂದಾಗ, ಪಿಸ್ತೂಲು ಬಂದದ್ದು ಅವರಲ್ಲೊಬ್ಬನ ತಂದೆಯ ಬಳಿಯಿಂದ. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ಪದವಿಪೂರ್ವ ಕಾಲೇಜಿನ ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಗುಂಡೇಟಿಗೆ ಸತ್ತಳು. ಹೊಡೆದವನು ಹೊರಗಿನವನಲ್ಲ, ಸಂಸ್ಥೆಯ ಸಿಬ್ಬಂದಿ. 2023ರ ಏಪ್ರಿಲ್ 26ರಂದು ಬಂಗಾಳದ ಮಾಲ್ದಾ ಜಿಲ್ಲೆಯ ಮುಚಿಯಾ ಶಾಲೆಯ ತರಗತಿಗೆ ಒಬ್ಬ ಪಿಸ್ತೂಲು ಹಿಡಿದು ನುಗ್ಗಿದ. ಪೊಲೀಸ್ ಅಧಿಕಾರಿಯೊಬ್ಬರು ಸಮವಸ್ತ್ರ ಕಳಚಿ, ಟೀ ಶರ್ಟು ತೊಟ್ಟು, ಬೂಟು ಬಿಟ್ಟು ಚಪ್ಪಲಿ ಮೆಟ್ಟಿ, ನೆರೆದವರೊಳಗೊಬ್ಬರಾಗಿ ಹತ್ತಿರ ಸರಿದು ಅವನ ಮೇಲೆ ಬಿದ್ದರು. ಒಂದು ಮಗುವಿಗೂ ಗಾಯವಾಗಲಿಲ್ಲ.

ಮೂರು ಪ್ರಕರಣಗಳಲ್ಲೂ ಕಾನೂನು ಇತ್ತು, ಗೇಟೂ ಇತ್ತು. ಗುರುಗ್ರಾಮದ ಪಿಸ್ತೂಲನ್ನು ತಡೆಯಬಹುದಾಗಿದ್ದ ಜಾಗ ಶಾಲೆಗಿಂತ ಮೊದಲೇ ಬರುತ್ತದೆ: ಮನೆಯ ಬೀರು. 2016ರ ನಿಯಮಗಳು ಲೈಸೆನ್ಸು ಕೇಳುವವರಿಂದ ಆಯುಧವನ್ನು ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆ ಬರೆಸಿಕೊಳ್ಳುವುದು ಇದಕ್ಕಾಗಿಯೇ. ಮನೆಯಲ್ಲಿ ಕೋವಿ ಇದ್ದರೆ ಲೈಸೆನ್ಸನ್ನು ಒಮ್ಮೆ ತೆರೆದು ಷರತ್ತುಗಳನ್ನು ಓದಿ. ಆಮೇಲೆ ಎದ್ದುಹೋಗಿ, ಬೀರುವಿನ ಕೀಲಿ ಈಗ ಎಲ್ಲಿದೆ, ಅದು ಮಕ್ಕಳಿಗೂ ಗೊತ್ತಿದೆಯೇ ಎಂದು ನೋಡಿ.