ಮೊದಲ ಕ್ಯಾಮೆರಾ ಕೊಳ್ಳುವ ಮುನ್ನ

ನಾಗಪುರದ ವಾಡಿಯಲ್ಲಿದ್ದೀರಾ? ವಿಡಿಯೊ ಮಾಡುವ ಆಸೆಯೇ? ಸದ್ಯಕ್ಕೆ ಕ್ಯಾಮೆರಾ ಬೇಡ, ಕೈಯಲ್ಲಿರುವ ಫೋನೇ ಸಾಕು. ಮೊದಲ ಖರ್ಚು ಕಾಲರ್ ಮೈಕಿಗಿರಲಿ. ಅಮರಾವತಿ ರಸ್ತೆಯ ಲಾರಿಗಳ ಸದ್ದಿನಲ್ಲಿ ನಿಮ್ಮ ಮಾತೇ ಕೇಳಿಸದಿದ್ದರೆ, ಚಿತ್ರ ಎಷ್ಟು ಚೆನ್ನಾಗಿದ್ದರೂ ಜನ ನೋಡುವುದಿಲ್ಲ. ಮುಂದೆ ಕ್ಯಾಮೆರಾ ಕೊಂಡರೂ ಮೈಕ್ ಜ್ಯಾಕ್ ಇದೆಯೇ ಎಂದು ಮೊದಲು ನೋಡಿ.

ಟ್ಯೂಬ್‌ಲೈಟಿನಡಿ ಚಿತ್ರ ಮಿಣುಕುತ್ತಿದೆಯೇ? ನಮ್ಮ ವಿದ್ಯುತ್ತು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟು ನೋಡಿ.

ಎಡಿಟಿಂಗಿಗೆ ಹಣ ಸುರಿಯಬೇಕಿಲ್ಲ. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ ಬೇಕಾದಷ್ಟಾಯಿತು, ಆದರೆ ಕಂಪ್ಯೂಟರ್ ಶಕ್ತಿಶಾಲಿಯಾಗಿರಬೇಕು. ಹಳೇ ಲ್ಯಾಪ್‌ಟಾಪಿಗೆ ಕೆಡೆನ್‌ಲೈವ್ ಹಾಕಿಕೊಳ್ಳಿ, ಅದೂ ಉಚಿತ. ಮೊದಲು ಕತ್ತರಿಸುವುದು, ಜೋಡಿಸುವುದು ಕಲಿಯಿರಿ. ಇವತ್ತೇ ಒಂದು ನಿಮಿಷ ಚಿತ್ರಿಸಿ.