ನೂರರುವತ್ತು ಎಕರೆಯ ಲೆಕ್ಕ

1880ರ ಬೇಸಗೆಯಲ್ಲಿ, ಐರ್ಲೆಂಡಿನ ಪಶ್ಚಿಮ ತೀರದ ಕಾನೆಮಾರಾ ಎಂಬ ಬಡಸೀಮೆಯನ್ನು ಬಿಟ್ಟು ಹೊರಟ ಸುಮಾರು 300 ಜನರು, ಬಾಸ್ಟನ್ ರೇವಿನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಅಮೆರಿಕಾ ಖಂಡದ ಅರ್ಧದಷ್ಟನ್ನು ಹಾಯ್ದು, ಮಿನೆಸೋಟ ಪ್ರಾಂತದ ಪಶ್ಚಿಮದಂಚಿನಲ್ಲಿರುವ ಗ್ರೇಸ್‌ವಿಲ್ ಎಂಬ ಹುಲ್ಲುಗಾವಲಿನ ಊರನ್ನು ಸೇರಿದರು. ಹಿಂದಿನ ವರ್ಷ ಅವರ ನಾಡಿನಲ್ಲಿ ಆಲೂಗಡ್ಡೆಯ ಬೆಳೆ ಮತ್ತೊಮ್ಮೆ ಕೈಕೊಟ್ಟಿತ್ತು. ಲಿವರ್‌ಪೂಲಿನ ಪಾದ್ರಿ ಜೇಮ್ಸ್ ನ್ಯೂಜೆಂಟರು ಅವರನ್ನು ಹಡಗು ಹತ್ತಿಸಿ ಕಳುಹಿಸಿದರು. ಸೇಂಟ್ ಪಾಲ್ ನಗರದ ಬಿಷಪ್ ಜಾನ್ ಐರ್ಲೆಂಡರು, ತಾವೂ ಬಾಲ್ಯದಲ್ಲಿ ಅದೇ ದ್ವೀಪದಿಂದ ವಲಸೆ ಬಂದವರಾದುದರಿಂದ, ನಗರದ ಕೊಳೆಗೇರಿಗಳಲ್ಲಿ ನವೆಯುತ್ತಿದ್ದ ತಮ್ಮ ಜನರನ್ನು ಭೂಮಿಯ ಒಡೆಯರನ್ನಾಗಿ ಮಾಡಬೇಕೆಂಬ ಹಂಬಲದಿಂದ, ಕುಟುಂಬವೊಂದಕ್ಕೆ 160 ಎಕರೆ ನೆಲವನ್ನೂ ವಾಸಕ್ಕೊಂದು ಮರದ ಮನೆಯನ್ನೂ ಬಿತ್ತುವುದಕ್ಕೆ ಬೀಜವನ್ನೂ ಒದಗಿಸಿದರು. ಆ ವರ್ಷ ಚಳಿಗಾಲವು ಅಕ್ಟೋಬರದಲ್ಲಿಯೇ ಹಿಮದ ಬಿರುಗಾಳಿಯೊಡನೆ ಬಂದೆರಗಿತು. ಮರುವರ್ಷ ಹಿಮ ಕರಗುವ ವೇಳೆಗೆ ಅವರಲ್ಲಿ ಬಹುಮಂದಿ ನೆಲವನ್ನು ತೊರೆದು, ಸೇಂಟ್ ಪಾಲಿನ ರೈಲು ಹಾದಿಗಳಲ್ಲಿ ಕೂಲಿಯನ್ನರಸಿ ಹೊರಟಿದ್ದರು. ಅಲ್ಲಿಯ ಒಂದು ತೊರೆಯ ದಂಡೆಯ ಮೇಲೆ ಅವರು ಕಟ್ಟಿಕೊಂಡ ಗುಡಿಸಲುಗಳ ಕೇರಿಗೆ ‘ಕಾನೆಮಾರಾ ಪ್ಯಾಚ್’ ಎಂಬ ಹೆಸರು ಬಹುಕಾಲ ಉಳಿಯಿತು.

ಅದೇ ಮಿನೆಸೋಟದ ಪಶ್ಚಿಮ ಭಾಗದ ಜಿಲ್ಲೆಗಳಲ್ಲಿ, ಅದೇ ಹುಲ್ಲುಗಾವಲನ್ನು ಉತ್ತು, ಅದೇ ಹಿಮವನ್ನು ಸಹಿಸಿ ನೆಲೆಯೂರಿದ ಸಾವಿರಾರು ನಾರ್ವೆಯವರಿದ್ದರು. ಇಷ್ಟು ಸಮೀಪದಲ್ಲಿ ಇಷ್ಟು ಭಿನ್ನವಾದ ಎರಡು ಫಲಗಳನ್ನು ಕಂಡವರಿಗೆ, ಒಂದು ಜನಾಂಗವು ಸ್ವಭಾವತಃ ಶ್ರಮಶೀಲವೆಂದೂ ಇನ್ನೊಂದು ಸ್ವಭಾವತಃ ಅಲಸವೆಂದೂ ತೀರ್ಮಾನಿಸಿಬಿಡುವುದು ಸುಲಭವಾಗಿತ್ತು. ಆ ತೀರ್ಮಾನವು ಬಗೆಬಗೆಯ ವೇಷದಲ್ಲಿ ಇಂದಿಗೂ ಸಂಚರಿಸುತ್ತಿದೆ. ಅದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ತಪ್ಪೆಂದು ಹೇಳಿದ ಮಾತ್ರಕ್ಕೆ ವಿಜ್ಞಾನವಾಗುವುದಿಲ್ಲವಾದುದರಿಂದ, ಇಂಥ ಪ್ರಶ್ನೆಯನ್ನು ಆರ್ಥಿಕ ಇತಿಹಾಸಕಾರರು ಯಾವ ಯಾವ ಸಾಧನಗಳಿಂದ ಅಳೆದರು, ಅಳೆದಾಗ ಏನು ಕಂಡರು ಎಂಬುದನ್ನು ಕೊಂಚ ಸಾವಧಾನವಾಗಿ ನೋಡುವುದು ಯುಕ್ತ.

ಎರಡು ದೇಶಗಳ ನಿರ್ಗಮನವೂ ಒಂದೇ ಬಗೆಯದಾಗಿರಲಿಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಹೊಲಗಳಿಗೆ ತಗುಲಿದ ಅಂಗಮಾರಿ ರೋಗವು, ಆ ಒಂದೇ ಗೆಡ್ಡೆಯನ್ನು ನಂಬಿ ಬದುಕಿದ್ದ ಲಕ್ಷಾಂತರ ಕುಟುಂಬಗಳ ಅನ್ನವನ್ನು ಮಣ್ಣಿನಲ್ಲಿಯೇ ಕೊಳೆಯಿಸಿತು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆಯು ಹತ್ತೇ ವರ್ಷಗಳಲ್ಲಿ ಸುಮಾರು 66 ಲಕ್ಷಕ್ಕೆ ಇಳಿಯಿತು. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು, ಅದಕ್ಕೂ ಮಿಗಿಲಾದ ಸಂಖ್ಯೆಯವರು ಸಮುದ್ರವನ್ನು ದಾಟಿದರು. ಹೀಗೆ ಹೊರಟವರು ಹೋಗುವ ನಾಡನ್ನು ಆರಿಸಿಕೊಂಡವರಲ್ಲ, ಇರುವ ನಾಡಿನಿಂದ ತಳ್ಳಲ್ಪಟ್ಟವರು. ಹಡಗಿನ ಕೂಲಿಯನ್ನು ತೆತ್ತ ಮೇಲೆ ಕೈಯಲ್ಲಿ ಕಾಸಿಲ್ಲದೆ ಇಳಿದವನಿಗೆ, ಇಳಿದ ಬಂದರೇ ಊರಾಗದೆ ಗತ್ಯಂತರವಿರಲಿಲ್ಲ. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ ನಗರಗಳು ಐರಿಷರಿಂದ ತುಂಬಿದುದಕ್ಕೆ ಅವರ ನಗರಪ್ರೇಮವು ಕಾರಣವಲ್ಲ, ಮುಂದಿನ ರೈಲಿನ ಟಿಕೆಟ್ಟಿಗೆ ಹಣವಿಲ್ಲದುದು ಕಾರಣ.

ನಾರ್ವೆಯಿಂದ ಮೊದಲ ಗುಂಪು ಹೊರಟುದು 1825ರ ಜುಲೈ 4ರಂದು. ‘ರೆಸ್ಟೊರೇಷನ್’ ಎಂಬ ಪುಟ್ಟ ಹಾಯಿಹಡಗಿನಲ್ಲಿ ಸ್ಟವಾಂಗರ್ ಬಂದರನ್ನು ಬಿಟ್ಟ 52 ಜನರು ಮೂರು ತಿಂಗಳ ಮೇಲೆ ನ್ಯೂಯಾರ್ಕನ್ನು ಮುಟ್ಟಿದರು. ಆದರೆ ಮಹಾಪ್ರವಾಹವು ಹರಿದುದು 1866ರ ತರುವಾಯ, ಅಂದರೆ ಐರಿಷರ ಬರಗಾಲದ ಪ್ರವಾಹಕ್ಕಿಂತ ಎರಡು ದಶಕ ತಡವಾಗಿ. ನಾರ್ವೆಯ ನೆಲದಲ್ಲಿ ಉಳುಮೆಗೆ ಯೋಗ್ಯವಾದುದು ನೂರಕ್ಕೆ ಮೂರರಷ್ಟು ಮಾತ್ರ. ಹಿರಿಯ ಮಗನಿಗೆ ಹೊಲವು ಸಲ್ಲುವ ಪದ್ಧತಿಯಿದ್ದುದರಿಂದ, ಕಿರಿಯರು ಪರರ ಹೊಲದಲ್ಲಿ ಗೇಯಬೇಕು, ಇಲ್ಲವೆ ದೇಶವನ್ನು ಬಿಡಬೇಕು. ಒಂದು ಶತಮಾನದಲ್ಲಿ ಸುಮಾರು ಎಂಟು ಲಕ್ಷ ಜನ ಹೊರಟುಹೋದರು. ಜನಸಂಖ್ಯೆಗೆ ಹೋಲಿಸಿದರೆ, ಯೂರೋಪಿನಲ್ಲಿ ಐರ್ಲೆಂಡೊಂದನ್ನು ಬಿಟ್ಟರೆ ಇಷ್ಟು ದೊಡ್ಡ ಪಾಲನ್ನು ಅಮೆರಿಕಕ್ಕೆ ಒಪ್ಪಿಸಿದ ದೇಶ ಮತ್ತೊಂದಿಲ್ಲ. ಇವರೂ ಬಡವರೇ, ಆದರೆ ಕುಟುಂಬಸಮೇತರಾಗಿ, ಇದ್ದುದನ್ನು ಮಾರಿಕೊಂಡು, ಮೊದಲೇ ಹೋದವರ ಕಾಗದಗಳನ್ನು ಓದಿಕೊಂಡು ಹೊರಟ ಬಡವರು. ಓದಿಕೊಂಡು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಲೂಥರನ ಪಂಥದ ಮಕ್ಕಳು ಧರ್ಮದೀಕ್ಷೆಯನ್ನು ಪಡೆಯಲು ಓದನ್ನು ಕಲಿತಿರಬೇಕೆಂದು ಆ ದೇಶವು 18ನೆಯ ಶತಮಾನದಲ್ಲಿಯೇ ಶಾಲೆಗಳನ್ನು ವಿಧಿಸಿತ್ತು. ಐರ್ಲೆಂಡಿನಲ್ಲಿಯಾದರೋ 1841ರ ಜನಗಣತಿಯಂತೆ ಐದು ವರ್ಷ ಮೀರಿದವರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಗೆ ಓದೂ ಬರೆಹವೂ ತಿಳಿದಿರಲಿಲ್ಲ.

ಅಮೆರಿಕಾದಲ್ಲಿ ನಾರ್ವೆಯವರಿಗಾಗಿ ಕಾದಿದ್ದುದು 1862ರ ಹೋಂಸ್ಟೆಡ್ ಕಾನೂನು. ಐದು ವರ್ಷ ವಾಸಮಾಡಿ ಸಾಗುವಳಿಗೆ ತಂದವನಿಗೆ 160 ಎಕರೆಯು ಅಲ್ಪ ಶುಲ್ಕಕ್ಕೆ ಸ್ವಂತವಾಗುತ್ತಿತ್ತು. ಈ ನೆಲವನ್ನು ‘ಬರಿದಾದ ನೆಲ’ವೆಂದು ಬರೆಯುವ ವಾಡಿಕೆಯೊಂದುಂಟು, ಅದು ಬರಿದಾಗಿರಲಿಲ್ಲ. ಮಿನೆಸೋಟದಲ್ಲಿ ಅದು ಡಕೋಟಾ ಜನರ ನೆಲ. ಹಸಿವಿನಿಂದ ಕೆರಳಿ ಅವರು ಎದ್ದುದು ಆ ಕಾನೂನು ಹುಟ್ಟಿದ ವರ್ಷದಲ್ಲಿಯೇ, ಮತ್ತು ಆ ವರ್ಷದ ಡಿಸೆಂಬರ್ 26ರಂದು ಮ್ಯಾನ್‌ಕೇಟೊ ಪಟ್ಟಣದಲ್ಲಿ ಅವರಲ್ಲಿ 38 ಜನರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಒಂದು ಸಮುದಾಯದ ಸಂಪತ್ತಿನ ಮೂಲವನ್ನು ಹುಡುಕುವ ಲೇಖನದಲ್ಲಿ ಇದನ್ನು ಬಿಟ್ಟು ಮುಂದೆ ಸಾಗುವುದು ನನ್ನಿಂದಾಗದು.

ಅಲ್ಪ ಶುಲ್ಕದ ನೆಲವೆಂದರೆ ಅಲ್ಪ ವೆಚ್ಚದ ಬೇಸಾಯವಲ್ಲ. ಎತ್ತು, ನೇಗಿಲು, ಗಾಡಿ, ಮನೆ ಕಟ್ಟಲು ಮರ, ಮೊದಲ ಬೆಳೆ ಕೈಗೆ ಬರುವ ತನಕ ಊಟ—ಇವೆಲ್ಲಕ್ಕೂ ರೊಕ್ಕ ಬೇಕು, ಮತ್ತು ರೊಕ್ಕಕ್ಕಿಂತಲೂ ಹೆಚ್ಚಾಗಿ, ಬಿತ್ತುವ ಕಾಲ ಯಾವುದು, ಹಿಮ ಬರುವ ಮುನ್ನ ಗೋಡೆಗೆ ಮಣ್ಣನ್ನು ಎಷ್ಟೆತ್ತರಕ್ಕೆ ಒಟ್ಟಬೇಕು ಎಂದು ಹೇಳಿಕೊಡುವ, ತನ್ನ ಭಾಷೆಯನ್ನಾಡುವ ನೆರೆಯವನೊಬ್ಬ ಬೇಕು. ನಾರ್ವೆಯಿಂದ ಬಂದವನು ಅನೇಕ ವೇಳೆ ಮೊದಲು ಹಳೆಯ ನೆಲಸುನಾಡಿನ ಬಂಧುವಿನ ಹೊಲದಲ್ಲಿ ಒಂದೆರಡು ವರ್ಷ ದುಡಿದು, ಪಾಠವನ್ನೂ ಹಣವನ್ನೂ ಗಳಿಸಿಕೊಂಡು, ಆಮೇಲೆ ಪಶ್ಚಿಮಕ್ಕೆ ಸರಿಯುತ್ತಿದ್ದನು. ಇತಿಹಾಸಕಾರ ಜಾನ್ ಯೇರ್ಡೆಯವರು, ನಾರ್ವೆಯ ಬಾಲೆಸ್ಟ್ರಾಂಡ್ ಎಂಬ ಒಂದೇ ಸೀಮೆಯ ಜನ ಹೀಗೆ ಒಬ್ಬರ ಹಿಂದೊಬ್ಬರು ಸಾಗಿದ ಹಾದಿಯನ್ನು ಕುಟುಂಬ ಕುಟುಂಬವಾಗಿ ಹಿಂಬಾಲಿಸಿ ಚಿತ್ರಿಸಿದ್ದಾರೆ. ಇನ್ನು ಕಾನೆಮಾರಾದವರು? ಅವರು ಕಡಲಲ್ಲಿ ಮೀನು ಹಿಡಿದು, ಬಂಡೆಗಳ ನಡುವಣ ತುಂಡುನೆಲದಲ್ಲಿ ಸನಿಕೆಯಿಂದ ಆಲೂಗಡ್ಡೆಯನ್ನು ನೆಟ್ಟು ಬದುಕಿದವರು. ವಿಶಾಲವಾದ ಬಯಲಿನ ಬೇಸಾಯವನ್ನು ಕಂಡವರೇ ಅಲ್ಲ. ಬಂದುದು ಬಿತ್ತನೆಯ ಹಂಗಾಮು ಮುಗಿಯುವ ಹೊತ್ತಿನಲ್ಲಿ. ಆ 160 ಎಕರೆಯನ್ನು ಅವರ ಕೈಗೆ ಕೊಟ್ಟುದು, ಈಜು ಬಾರದವನಿಗೆ ಕೆರೆಯನ್ನು ದಾನ ಮಾಡಿದಂತಾಯಿತು. ಬಿಷಪ್ಪರ ಕರುಣೆಯಲ್ಲಿ ಕೊರತೆಯಿರಲಿಲ್ಲ, ಲೆಕ್ಕದಲ್ಲಿ ಇತ್ತು.

ಇಲ್ಲಿಯವರೆಗಿನ ಕಥೆಯನ್ನು ಕೇಳಿದವರು, ನೆಲ ಪಡೆದ ನಾರ್ವೆಯವರು ಗೆದ್ದರು, ನಗರದಲ್ಲಿ ಸಿಲುಕಿದ ಐರಿಷರು ಸೋತರು ಎಂದು ಊಹಿಸಬಹುದು. ಈ ಶತಮಾನದ ಸಂಶೋಧನೆಯು ಈ ಊಹೆಯನ್ನು ಬುಡಮೇಲು ಮಾಡಿದೆ. ಅದರ ಸ್ವಾರಸ್ಯವು ಅಳತೆಯ ರೀತಿಯಲ್ಲಿಯೇ ಅಡಗಿದೆ.

ಅಮೆರಿಕಾದ ಜನಗಣತಿಯು 1940ರವರೆಗೆ ಯಾರ ಆದಾಯವನ್ನೂ ಕೇಳಲಿಲ್ಲ, ಕೇಳಿದ್ದು ಕಸುಬನ್ನು. ಆದುದರಿಂದ ಸಂಶೋಧಕರು, ಒಂದೊಂದು ಕಸುಬಿಗೂ ಮುಂದಿನ ಕಾಲದಲ್ಲಿ ದೊರೆಯುತ್ತಿದ್ದ ಆದಾಯವನ್ನು—ಸಾಮಾನ್ಯವಾಗಿ 1950ರ ಅಂಕಿಗಳನ್ನು—ಹಿಂದಿನವರಿಗೆ ಆರೋಪಿಸಿ ಒಂದು ಮಾನದಂಡವನ್ನು ಕಲ್ಪಿಸಿಕೊಂಡರು. ಈ ಮಾನದಂಡದಲ್ಲಿ ದೋಷವಿಲ್ಲವೆಂದಲ್ಲ. ತನ್ನ ಹಾಲನ್ನೂ ಗೋಧಿಯನ್ನೂ ತಾನೇ ಉಣ್ಣುವ ರೈತನ ಸುಖವು ಅದರಲ್ಲಿ ಪೂರ್ತಿಯಾಗಿ ಮೂಡದು. ಹತ್ತು ಎಕರೆಯವನೂ ಇನ್ನೂರು ಎಕರೆಯವನೂ ಅಲ್ಲಿ ‘ರೈತ’ರೇ. ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಒಂದೇ ವರ್ಷದ ಗಣತಿಯಲ್ಲಿ ಹಳಬರನ್ನೂ ಹೊಸಬರನ್ನೂ ಹೋಲಿಸಿ, ಹಳಬರು ಉತ್ತಮಸ್ಥಿತಿಯಲ್ಲಿದ್ದರೆ ಕಾಲಕ್ರಮದಲ್ಲಿ ಎಲ್ಲರೂ ಮೇಲೇರುತ್ತಾರೆಂದು ಹೇಳುವುದು ರೂಢಿಯಾಗಿತ್ತು. ಸೋತವರು ತಾಯ್ನಾಡಿಗೆ ಮರಳಿಹೋಗಿದ್ದರೆ, ಉಳಿದ ಹಳಬರೆಲ್ಲ ಗೆದ್ದವರಾಗಿಯೇ ಕಾಣುವುದಿಲ್ಲವೆ? ಈ ಭ್ರಮೆಯನ್ನು ಕಳೆಯಲು, ಒಬ್ಬನೇ ವ್ಯಕ್ತಿಯನ್ನು ಹೆಸರು, ವಯಸ್ಸು, ಹುಟ್ಟಿದ ಸ್ಥಳಗಳ ಗುರುತಿನಿಂದ ಹತ್ತು ಹತ್ತು ವರ್ಷಗಳ ಗಣತಿಗಳಲ್ಲಿ ಪತ್ತೆಹಚ್ಚಿ ಅವನ ಬಾಳಿನ ಜಾಡನ್ನೇ ಹಿಡಿಯಬೇಕು. ಹಿಂದೆ ಕಾಗದದ ಕಡತಗಳ ಮೇಲೆ ನೂರಾರು ಜನರಿಗೆ ಮಾತ್ರ ಸಾಧ್ಯವಾಗುತ್ತಿದ್ದ ಈ ಕೆಲಸವು, ಗಣಕಯಂತ್ರಗಳು ಬಂದ ಮೇಲೆ ಲಕ್ಷಾಂತರ ಜನರಿಗೆ ಸಾಧ್ಯವಾಯಿತು.

ರಾನ್ ಅಬ್ರಮಿಟ್ಸ್ಕಿ, ಲೀಯಾ ಬೂಸ್ಟನ್, ಕ್ಯಾಥರೀನ್ ಎರಿಕ್ಸನ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಧಾನದ ಒಂದು ರಮಣೀಯ ಉದಾಹರಣೆ. ಅವರು ನಾರ್ವೆಯ 1865ರ ಗಣತಿಯಲ್ಲಿ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರನ್ನು ಗುರುತಿಸಿ, 1900ರ ಹೊತ್ತಿಗೆ ಅಮೆರಿಕಾದಲ್ಲಿದ್ದವನನ್ನೂ ನಾರ್ವೆಯಲ್ಲಿಯೇ ಉಳಿದವನನ್ನೂ ಎದುರುಬದುರಾಗಿ ನಿಲ್ಲಿಸಿದರು. ತಂದೆತಾಯಿಯರೂ ಬಾಲ್ಯವೂ ಒಂದೇ ಆದುದರಿಂದ, ಇಬ್ಬರ ಗಳಿಕೆಯ ಅಂತರವು ಬಹುಮಟ್ಟಿಗೆ ವಲಸೆಯ ಫಲವೆಂದೇ ಹೇಳಬಹುದು. ಆ ಅಂತರವು ಸುಮಾರು ನೂರಕ್ಕೆ ಎಪ್ಪತ್ತರಷ್ಟಿತ್ತು. ನಾಡು ಬಿಟ್ಟವನಿಗೆ ಲಾಭವಾದುದು ನಿಜ. ಆದರೆ ಅದೇ ಸಂಶೋಧಕರು ಮುಂದೆ ಅಮೆರಿಕಾದಲ್ಲಿಯೇ ಹುಟ್ಟಿದವರೊಡನೆ ಹೋಲಿಸಿದಾಗ, ಯೂರೋಪಿನಿಂದ ಬಂದವರಲ್ಲಿ ಹಿಂದುಳಿದೇ ಇದ್ದವರ ಸಾಲಿನಲ್ಲಿ ನಾರ್ವೆಯವರು ನಿಂತಿದ್ದರು, ಮತ್ತು ದಶಕಗಳು ಕಳೆದರೂ ಆ ಅಂತರವು ಅಷ್ಟಾಗಿ ಕುಗ್ಗಲಿಲ್ಲ.

ಏಕೆ? ಉತ್ತರವು ಆ 160 ಎಕರೆಯಲ್ಲಿಯೇ ಇದೆ. ನೆಲವು ತಂದೆಗೆ ನೆಲೆಯಾಯಿತು, ಮಗನಿಗೆ ಗೂಟವಾಯಿತು. ಅಮೆರಿಕಾದ ಐಶ್ವರ್ಯವು ಕಾರ್ಖಾನೆ, ಕಚೇರಿ, ವ್ಯಾಪಾರಗಳ ಕಡೆಗೆ ಹೊರಳುತ್ತಿದ್ದ ಕಾಲದಲ್ಲಿ, ಇವರ ಮಕ್ಕಳು ಹೊಲ, ಇಗರ್ಜಿ, ಹಳ್ಳಿಯ ಶಾಲೆಗಳ ವರ್ತುಲದಲ್ಲಿಯೇ ಬೆಳೆದರು. 1873ರಿಂದ ನಾಲ್ಕೈದು ವರ್ಷ ಮಿಡತೆಯ ಹಿಂಡುಗಳು ಮಿನೆಸೋಟದ ಬೆಳೆಯನ್ನು ತಿಂದವು. 1920ರ ದಶಕದಲ್ಲಿ ಧಾನ್ಯದ ಬೆಲೆಯು ಕುಸಿಯಿತು. ಆ ಜೀವನದ ಸೌಂದರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. 1874ರಿಂದ ಸುಮಾರು ನೂರು ವರ್ಷ ನಾರ್ವೆಯ ಭಾಷೆಯಲ್ಲಿ ಹೊರಟ ‘ಡೆಕೋರಾ ಪೋಸ್ಟನ್’ ಎಂಬ ಪತ್ರಿಕೆಯೂ, ಅವರು ಕಟ್ಟಿದ ಲೂಥರ್, ಸೇಂಟ್ ಓಲಾಫ್ ಕಾಲೇಜುಗಳೂ ಆ ಬಾಳಿನ ಘನತೆಗೆ ಸಾಕ್ಷಿ. ಕಸುಬಿನ ಮಾನದಂಡವು ಅದನ್ನು ಅಳೆಯಲಾರದು.

ಇತ್ತ ಐರಿಷರ ಕಥೆಯೂ ಕೊಳೆಗೇರಿಯಲ್ಲಿ ಮುಗಿಯಲಿಲ್ಲ. 1850ರಲ್ಲಿ ನ್ಯೂಯಾರ್ಕಿನಲ್ಲಿ ವಲಸೆಗಾರರಿಗೆಂದೇ ತೆರೆದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಗುಮಾಸ್ತರು, ಠೇವಣಿದಾರರ ಗುರುತು ತಪ್ಪದಿರಲೆಂದು, ಅವರ ಹುಟ್ಟೂರು, ಬಂದ ಹಡಗು, ಕಸುಬು, ವಿಳಾಸ, ಬಂಧುಗಳ ಹೆಸರುಗಳನ್ನೆಲ್ಲ ಬರೆದಿಡುತ್ತಿದ್ದರು. ವಂಚನೆಯನ್ನು ತಡೆಯಲೆಂದು ಮಾಡಿದ ಆ ಬರೆಹವು ಇಂದು ಇತಿಹಾಸಕ್ಕೆ ದೊರೆತ ನಿಧಿ. ಟೈಲರ್ ಆನ್‌ಬಿಂಡರ್, ಕಾರ್ಮಕ್ ಓ ಗ್ರಾಡಾ ಮೊದಲಾದವರು ಆ ಪುಸ್ತಕಗಳನ್ನು ಗಣತಿಯೊಡನೆ ಕೂಡಿಸಿ ಓದಿದಾಗ, ಬರಗಾಲದಿಂದ ಓಡಿಬಂದ ಕೂಲಿಗಳೂ ಮನೆಗೆಲಸದ ಹೆಣ್ಣುಮಕ್ಕಳೂ ಯಾರೂ ಎಣಿಸದಷ್ಟು ಹಣವನ್ನು ಕೂಡಿಟ್ಟಿದ್ದುದು ಬೆಳಕಿಗೆ ಬಂದಿತು. ಸ್ಟೀಫನ್ ಥರ್ನ್‌ಸ್ಟ್ರಾಮರು 1964ರಲ್ಲಿ ಮ್ಯಾಸಚೂಸೆಟ್ಸಿನ ನ್ಯೂಬರಿಪೋರ್ಟ್ ಪಟ್ಟಣದ ಕೂಲಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇನ್ನೂ ಕರುಣಾಜನಕವಾದ ಸಂಗತಿಯೊಂದಿದೆ: ಐರಿಷ್ ಕುಟುಂಬಗಳು ಸ್ವಂತ ಮನೆಯನ್ನು ಕೊಳ್ಳುವುದರಲ್ಲಿ ಇತರ ಕೂಲಿಗಳನ್ನು ಮೀರಿಸಿದುವು, ಆದರೆ ಅದಕ್ಕಾಗಿ ಮಕ್ಕಳನ್ನು ಶಾಲೆ ಬಿಡಿಸಿ ಗಿರಣಿಗೆ ಕಳುಹಿಸಿದುವು. ಒಕ್ಕಲೆಬ್ಬಿಸುವವರ ಕೈಗೆ ಸಿಕ್ಕಿ ನಲುಗಿ ಬಂದ ಜನಕ್ಕೆ, ಯಾರೂ ಹೊರದೂಡಲಾಗದ ನಾಲ್ಕು ಗೋಡೆಗಳ ಬೆಲೆ ಎಷ್ಟೆಂಬುದನ್ನು ಯಾವ ಮಾನದಂಡದಿಂದ ಅಳೆಯೋಣ?

ಆದರೂ ನಗರವು ನಗರವೇ. ಅಲ್ಲಿ ಪೊಲೀಸು, ಅಗ್ನಿಶಾಮಕ ದಳ, ಪುರಸಭೆಯ ಕಚೇರಿಗಳ ಬಾಗಿಲುಗಳು ಮತದ ಬಲದಿಂದ ತೆರೆದುವು. 1880ರಲ್ಲಿ ನ್ಯೂಯಾರ್ಕಿಗೂ 1884ರಲ್ಲಿ ಬಾಸ್ಟನ್ನಿಗೂ ಐರ್ಲೆಂಡಿನಲ್ಲಿ ಹುಟ್ಟಿದವರೇ ಮೇಯರುಗಳಾಗಿ ಚುನಾಯಿತರಾದರು. ತಾಯಿ ಪರರ ಮನೆಯಲ್ಲಿ ಪಾತ್ರೆ ತೊಳೆದು ಬದುಕಿದ ಊರಿನಲ್ಲಿಯೇ ಮಗಳು ಶಾಲೆಯ ಉಪಾಧ್ಯಾಯಿನಿಯಾದಳು. ಕಾನೆಮಾರಾದವರು ಹೊಲವನ್ನು ಬಿಟ್ಟು ಸೇಂಟ್ ಪಾಲಿಗೆ ನಡೆದುದನ್ನು ಹೇಡಿತನವೆಂದವರು, ಕೂಲಿ ಮತ್ತು ಶಾಲೆ ಇರುವ ಕಡೆಗೆ ಅವರು ನಡೆದರೆಂಬುದನ್ನು ಗಮನಿಸಲಿಲ್ಲ.

ಇನ್ನು ಇಂದಿನ ಸ್ಥಿತಿ. ಈಗ ಎರಡೂ ವಂಶಗಳವರ ಕುಟುಂಬಗಳ ಮಧ್ಯಮ ಆದಾಯವು ಇಡೀ ದೇಶದ ಮಧ್ಯಮ ಆದಾಯಕ್ಕಿಂತ ಮೇಲಿದೆ. ಇವೆರಡರಲ್ಲಿ ಯಾವುದು ಹೆಚ್ಚೆಂದು ಅಳೆಯಹೊರಟವರು, ಬಾಸ್ಟನ್ನಿನ ಮನೆಬಾಡಿಗೆಯೂ ಉತ್ತರ ಡಕೋಟಾದ ಮನೆಬಾಡಿಗೆಯೂ ಒಂದಲ್ಲವೆಂಬುದನ್ನು ಮೊದಲು ನೆನೆಯಬೇಕು. ಪ್ರಾಂತದ ಅಂಕಿಗಳಿಂದ ಜನರ ಗುಣವನ್ನು ಊಹಿಸುವ ಅಪಾಯವನ್ನೂ ನೆನೆಯಬೇಕು. 1950ರಲ್ಲಿಯೇ ರಾಬಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞರು 1930ರ ಗಣತಿಯಿಂದ ತೋರಿಸಿದುದೇನೆಂದರೆ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಾಗಿದ್ದ ಪ್ರಾಂತಗಳಲ್ಲಿ ಸಾಕ್ಷರತೆಯು ಹೆಚ್ಚಿತ್ತು, ಆದರೆ ಒಬ್ಬೊಬ್ಬರನ್ನೇ ನೋಡಿದರೆ ವಿದೇಶದಲ್ಲಿ ಹುಟ್ಟಿದವರಲ್ಲಿಯೇ ನಿರಕ್ಷರತೆಯು ಹೆಚ್ಚಿತ್ತು. ವಲಸೆಗಾರರು ಸಾಕ್ಷರತೆಯುಳ್ಳ ಪ್ರಾಂತಗಳಿಗೆ ಹೋಗಿ ನೆಲಸಿದ್ದರು, ಅಷ್ಟೇ.

ಎಲ್ಲಕ್ಕಿಂತ ಮೂಲಭೂತವಾದ ತೊಡಕೆಂದರೆ, ‘ಐರಿಷರು’ ಯಾರು, ‘ನಾರ್ವೆಯವರು’ ಯಾರು ಎಂಬುದು. 1980ರಿಂದ ಅಮೆರಿಕಾದ ಗಣತಿಯು ತಂದೆತಾಯಿಯರ ಹುಟ್ಟೂರನ್ನು ಕೇಳುವುದನ್ನು ಬಿಟ್ಟು, ನಿಮ್ಮ ಪೂರ್ವಜರು ಯಾವ ಮೂಲದವರೆಂದು ನೀವು ಭಾವಿಸುತ್ತೀರಿ ಎಂದು ಕೇಳತೊಡಗಿತು. ಮೈಕೇಲ್ ಹೌಟ್ ಮತ್ತು ಜೋಷುವಾ ಗೋಲ್ಡ್‌ಸ್ಟೀನರು 1994ರಲ್ಲಿ ಲೆಕ್ಕ ಹಾಕಿ ನೋಡಿದರು: ಐರ್ಲೆಂಡಿನಿಂದ ಬಂದವರು ಒಟ್ಟು ಸುಮಾರು 45 ಲಕ್ಷ, ತಾವು ಐರಿಷರೆಂದವರು ಸುಮಾರು 4 ಕೋಟಿ. ಜನನಗಳ ಲೆಕ್ಕವೊಂದರಿಂದಲೇ ಈ ವೃದ್ಧಿಯನ್ನು ವಿವರಿಸಲಾಗುವುದಿಲ್ಲ. ಅನ್ಯರೊಡನೆ ಮದುವೆಯಾದವರ ಮಕ್ಕಳು, ಮೊಮ್ಮಕ್ಕಳು, ತಮ್ಮ ಹಲವು ಅಜ್ಜಂದಿರಲ್ಲಿ ಐರಿಷ್ ಅಜ್ಜನನ್ನೇ ಆರಿಸಿಕೊಂಡಿದ್ದರು. 2020ರ ಗಣತಿಯಲ್ಲಿಯೂ ಐರಿಷರೆಂದು ಬರೆಯಿಸಿಕೊಂಡವರು 3 ಕೋಟಿ 86 ಲಕ್ಷದಷ್ಟಿದ್ದರೆ, ನಾರ್ವೆಯ ಮೂಲದವರು ಸುಮಾರು 40 ಲಕ್ಷ. ಮಿನೆಸೋಟದಂಥ ಪ್ರಾಂತದಲ್ಲಿ ಒಬ್ಬ ಅಜ್ಜಿ ಕಾನೆಮಾರಾದವಳೂ ಇನ್ನೊಬ್ಬ ಅಜ್ಜ ಬಾಲೆಸ್ಟ್ರಾಂಡಿನವನೂ ಆಗಿರುವ ಮನುಷ್ಯನ ಸಂಬಳವು ಈ ಎರಡೂ ಪಟ್ಟಿಗಳಲ್ಲಿ ಸೇರಿಕೊಳ್ಳುತ್ತದೆ.