ಕಂಟ್ರೋಲ್ ಡಬ್ಬದೊಳಗಿನ ಬೋರ್ಡ್: ಮಾಲಕರೂ ಒಮ್ಮೆ ನೋಡಬೇಕು



ಗ್ಯಾಸಿನ ಪೈಪಿಗೆ ನಾವೆಲ್ಲರೂ ಹೆದರುತ್ತೇವೆ. ಗೋಡೆಯ ಮೇಲಿನ ಕರೆಂಟಿನ ಕಂಟ್ರೋಲ್ ಡಬ್ಬವನ್ನು ತೆರೆಸಿ ನೋಡುವವರು ಕಡಿಮೆ. ನಾವೂ ನೋಡಿದವರಲ್ಲ. ಒಂದು ಮಳೆಗಾಲದಲ್ಲಿ ನಮ್ಮ ಕೋಲ್ಡ್ ರೂಮಿನ ಸರ್ಕ್ಯೂಟ್ ಬೋರ್ಡ್ ಹಾಳಾಯಿತು. ರಿಪೇರಿಗೆ ಬಂದವನು ಹೊಸ ಬೋರ್ಡನ್ನು ಟೇಪಿನಿಂದ ಒಳಗಿನ ತಗಡಿಗೆ ಅಂಟಿಸಿ ಹೋದ. ಅಡುಗೆಮನೆಯ ಸೆಕೆಗೆ ಟೇಪು ಸಡಿಲಾಗಿ ಬೋರ್ಡಿನ ಬೆನ್ನು ತಗಡಿಗೆ ತಾಗಿತು. ಅರ್ತಿಂಗ್ ವಯರೂ ಕಳಚಿತ್ತು. ಬೆಳಿಗ್ಗೆ ಒದ್ದೆ ಕೈಯಲ್ಲಿ ಸ್ವಿಚ್ ಹಾಕಲು ಹೋದ ಹುಡುಗ ಶಾಕ್ ಹೊಡೆದು ಬಿದ್ದ. ದೇವರ ದಯೆ, ಉಳಿದುಕೊಂಡ.

ಬೋರ್ಡಿನ ಹಿಂಬದಿಯಲ್ಲಿ ಬೆಸುಗೆಯ ಮೊನೆಗಳಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ನೇರ 230 ವೋಲ್ಟ್ ಬರುತ್ತದೆ. ಆದ್ದರಿಂದ ನಾಲ್ಕೂ ಮೂಲೆಗೆ ನೈಲಾನ್ ಸ್ಪೇಸರ್ ಕೊಟ್ಟು, ತಗಡಿನಿಂದ ಬೋರ್ಡನ್ನು ದೂರ ನಿಲ್ಲಿಸಬೇಕು. ನಮ್ಮಲ್ಲಿ ಈಗ 10 ಮಿ.ಮೀ. ಎತ್ತರದ್ದು ಹಾಕಿಸಿದ್ದೇವೆ. ಸ್ಕ್ರೂವಿನ ತಲೆ ತಾಮ್ರದ ಗೆರೆಗೆ ತಾಗುವಂತಿದ್ದರೆ ನೈಲಾನ್ ವಾಶರ್ ಬೇಕು. ಅತಿಯಾಗಿ ಬಿಗಿದರೆ ಬೋರ್ಡ್ ಬಾಗಿ ಬೆಸುಗೆ ಬಿರಿಯುತ್ತದೆ. ಬೋರ್ಡ್ ಮಲಗಿರದೆ ನೆಟ್ಟಗೆ ನಿಂತಿರಲಿ, ಎಣ್ಣೆಧೂಳು ಕೂರುವುದು ಕಡಿಮೆ. ಬಿಸಿ ಮೇಲಕ್ಕೆ ಹೋಗುವುದರಿಂದ ಟ್ರಾನ್ಸ್‌ಫಾರ್ಮರ್, ಕಾಂಟ್ಯಾಕ್ಟರ್‌ಗಳು ಬೋರ್ಡಿನ ಕೆಳಗೆ ಬೇಡ. ಸೆನ್ಸರಿನ ವಯರನ್ನು ಮೋಟರಿನ ವಯರಿನೊಂದಿಗೆ ಕಟ್ಟಿದರೆ ಟೆಂಪರೇಚರ್ ತಪ್ಪು ತೋರಿಸುವುದುಂಟು.

ವಯರುಗಳು ಡಬ್ಬದ ತಳದಿಂದ, ಗ್ಲ್ಯಾಂಡ್ ಹಾಕಿ ಒಳಬರಬೇಕು. ಮೇಲಿನಿಂದ ಬಂದರೆ ನೀರು ವಯರಿನ ಜೊತೆಗೇ ಇಳಿಯುತ್ತದೆ. ಖಾಲಿ ತೂತುಗಳನ್ನು ಮುಚ್ಚಿಸಿ. ಬೆಚ್ಚಗಿನ ಜಾಗವೆಂದರೆ ಜಿರಳೆಗೆ ಮಾವನ ಮನೆ! ಅದರ ಹಿಕ್ಕೆಗೆ ಮಳೆಗಾಲದ ತೇವ ಸೇರಿದರೆ ಕರೆಂಟಿಗೆ ದಾರಿಯಾಯಿತು. ತಂಪಾಗಲೆಂದು ಡಬ್ಬಕ್ಕೆ ತೂತು ಕೊರೆಸುವವರಿದ್ದಾರೆ. ಅದರಿಂದ ಹಬೆ ಒಳಹೋಗುತ್ತದೆ, ಅಷ್ಟೇ.

ಡಬ್ಬ ಎಷ್ಟು ಎತ್ತರದಲ್ಲಿರಬೇಕು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅಂದು ನಿಮ್ಮ ಗಲ್ಲಿಯಲ್ಲಿ ನೀರು ನಿಂತ ಗುರುತು ನೆನಪಿದ್ದರೆ, ಅದಕ್ಕಿಂತ ಮೇಲಿರಲಿ.

ಇದು ಲೈಸೆನ್ಸ್ ಇರುವ ವಯರ್‌ಮ್ಯಾನ್‌ನ ಕೆಲಸ, ನಾವು ಕೈಹಾಕಬಾರದು. ಮೈನ್ ಆಫ್ ಮಾಡಿದರೂ ಕೆಲವು ಬೋರ್ಡುಗಳ ಕೆಪಾಸಿಟರಿನಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದರೆ ಅವನು ಬಾಗಿಲು ತೆರೆದಾಗ ಪಕ್ಕದಲ್ಲಿ ನಿಂತು ಕೇಳುವುದು ನಮ್ಮ ಕೆಲಸ: ಸ್ಪೇಸರ್ ಇದೆಯೇ? ಡಬ್ಬಕ್ಕೂ ಅದರ ಬಾಗಿಲಿಗೂ ಅರ್ತಿಂಗ್ ಇದೆಯೇ? 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯೇ?

ಅಗ್ನಿಶಾಮಕ ಸಾಧನಗಳ ಫಾರ್ಮ್ ಬಿಗಾಗಿ ಜನವರಿ, ಜುಲೈಗಳಲ್ಲಿ ಹೇಗೂ ಓಡಾಡುತ್ತೇವೆ. ನಾವು ಅದೇ ವಾರದಲ್ಲಿ ಈ ಡಬ್ಬವನ್ನೂ ತೆರೆಸುತ್ತೇವೆ.